ಹಲ್ಲಿನ ಬಣ್ಣಗೆಡುವಿಕೆ

ಹಲ್ಲು ತನ್ನ ಸಹಜ ಬಣ್ಣ ಕಳೆದುಕೊಂಡು ಹಳದಿ, ಕಂದು, ಬೂದು ಅಥವಾ ಕಪ್ಪಿಗೆ, ಅಪರೂಪಕ್ಕೆ ಹಸಿರು ಇಲ್ಲವೇ ಗುಲಾಬಿಗೆ ತಿರುಗುವುದು. ಇದಕ್ಕೆ ಕಾರಣಗಳು ಹತ್ತಾರು. ಆದರೂ ಎರಡು ಪ್ರಶ್ನೆ ಕೇಳಿದರೆ ಅವುಗಳಲ್ಲಿ ಹೆಚ್ಚಿನವು ಬೇರೆಬೇರೆಯಾಗಿ ಕಾಣುತ್ತವೆ. ಬಣ್ಣ ಹಲ್ಲಿನ ಮೇಲಿದೆಯೋ, ಒಳಗಿದೆಯೋ? ಅದು ಸೇರಿದ್ದು ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೋ, ಬಾಯಿಗೆ ಮೂಡಿ ಬಂದ ಮೇಲೋ? ಬಣ್ಣಗೆಟ್ಟ ಹಲ್ಲನ್ನು ಕಂಡ ಕೂಡಲೇ ಜನ ಕೇಳುವುದು ಮಾತ್ರ ಮೂರನೆಯ ಪ್ರಶ್ನೆ: ಇವರು ಸರಿಯಾಗಿ ಹಲ್ಲುಜ್ಜುವುದಿಲ್ಲವೇ? ಕಾರಣ ಹುಡುಕುವವರಿಗೆ ಅತಿ ಕಡಿಮೆ ನೆರವಾಗುವ ಪ್ರಶ್ನೆ ಅದೇ.

ಆರೋಗ್ಯವಂತ ಹಲ್ಲು ಸುಣ್ಣದಂತೆ ಬೆಳ್ಳಗಿರುವುದಿಲ್ಲ. ಹೊರಪದರವಾದ ಎನಾಮೆಲ್ ದೇಹದ ಅತ್ಯಂತ ಗಟ್ಟಿ ವಸ್ತು. ಅದರ ತೂಕದ ಸುಮಾರು ಶೇಕಡ 96 ಭಾಗ ಖನಿಜ. ಅದು ಬೆಳಕನ್ನು ಭಾಗಶಃ ಒಳಗೆ ಬಿಡುತ್ತದೆ. ಅದರಡಿಯ ಡೆಂಟಿನ್ ಪದರಕ್ಕೆ ತುಸು ಹಳದಿ ಛಾಯೆ ಇದೆ. ನಾವು ಹಲ್ಲಿನ ಬಣ್ಣವೆಂದು ನೋಡುವುದು ಬಹುಪಾಲು ಎನಾಮೆಲ್ ಮೂಲಕ ಹಾದುಬಂದ ಈ ಡೆಂಟಿನ್‌ನ ಬಣ್ಣವನ್ನೇ. ಒಸಡಿನ ಅಂಚಿನಲ್ಲಿ ಎನಾಮೆಲ್ ತೆಳು, ಆದ್ದರಿಂದ ಅಲ್ಲಿ ಹಲ್ಲು ಹೆಚ್ಚು ಹಳದಿ. ಕೋರೆಹಲ್ಲು ಪಕ್ಕದ ಬಾಚಿಹಲ್ಲುಗಳಿಗಿಂತ ಗಾಢವಾಗಿರುವುದೂ ಸಹಜವೇ. ಹಾಲುಹಲ್ಲುಗಳು ನಿಜಕ್ಕೂ ಬೆಳ್ಳಗಿರುತ್ತವೆ. ಆರೇಳು ವರ್ಷದ ಮಗುವಿಗೆ ಮೊದಲ ಶಾಶ್ವತ ಹಲ್ಲು ಬಂದಾಗ ಅದು ಹಳದಿಯಾಗಿದೆಯೆಂದು ತಾಯ್ತಂದೆಯರು ಗಾಬರಿಯಾಗುವುದುಂಟು. ಅದು ಕಾಯಿಲೆಯಲ್ಲ, ಹಾಲುಹಲ್ಲಿನ ಪಕ್ಕ ನಿಂತದ್ದರಿಂದ ಎದ್ದು ಕಾಣುವ ವ್ಯತ್ಯಾಸ ಅಷ್ಟೆ. ವಯಸ್ಸಾದಂತೆ ಎನಾಮೆಲ್ ಸವೆಯುತ್ತದೆ, ಒಳಗೆ ಡೆಂಟಿನ್ ಹೊಸದಾಗಿ ಕಟ್ಟಿಕೊಳ್ಳುತ್ತ ದಪ್ಪವಾಗುತ್ತದೆ. ಹೀಗೆ ಎರಡೂ ಕಡೆಯಿಂದ ಹಳದಿ ಹೆಚ್ಚುತ್ತದೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ನಾಶವಾಗಿರುವುದರಿಂದ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಗಟ್ಟಿ ಬ್ರಷ್ಷಿನಿಂದ ಒತ್ತಿ ಉಜ್ಜುವವರ ಹಲ್ಲು ಬರಬರುತ್ತ ಇನ್ನಷ್ಟು ಹಳದಿಯಾಗುವುದು ಇದೇ ಕಾರಣಕ್ಕೆ. ಹುಳಿತೇಗು ಹತ್ತಿ ಹೊಟ್ಟೆಯ ಆಮ್ಲ ಪದೇಪದೇ ಬಾಯಿಗೆ ಬರುವವರಲ್ಲೂ, ಹುಳಿ ಪಾನೀಯಗಳನ್ನು ದಿನವಿಡೀ ಗುಟುಕರಿಸುವವರಲ್ಲೂ ಎನಾಮೆಲ್ ಹೀಗೆಯೇ ಕರಗುತ್ತದೆ.

ಮೇಲೆ ಕಟ್ಟುವ ಕರೆ

ಎನಾಮೆಲ್ ನೇರವಾಗಿ ಬಣ್ಣ ಹಿಡಿಯುವುದು ಕಡಿಮೆ. ಹಲ್ಲನ್ನು ಎಷ್ಟೇ ಶುಚಿಗೊಳಿಸಿದರೂ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಅದರ ಮೇಲೆ ಕಣ್ಣಿಗೆ ಕಾಣದ ತೆಳುಪೊರೆ ಹೊದಿಸುತ್ತವೆ. ಕರೆ ಕೂರುವುದು ಈ ಪೊರೆಯ ಮೇಲೆ. ಒಗರು ರುಚಿಯ ಪದಾರ್ಥಗಳಲ್ಲಿರುವ ಟ್ಯಾನಿನ್ ಪ್ರೋಟೀನಿಗೆ ಬಲವಾಗಿ ಅಂಟುತ್ತದೆ. ಒಗರು ತಿಂದಾಗ ಬಾಯಿ ಬಿಗಿದಂತೆ ಆಗುವುದೂ ಜೊಲ್ಲಿನ ಪ್ರೋಟೀನುಗಳನ್ನು ಅದು ಹೀಗೆ ಹಿಡಿದುಕೊಳ್ಳುವುದರಿಂದಲೇ. ಚಹಾ ಇದರಲ್ಲಿ ಕಾಫಿಗಿಂತ ಮುಂದು. ಹಾಲು ಹಾಕಿದರೆ ಹಾಲಿನ ಕೇಸೀನ್ ಟ್ಯಾನಿನ್ನಿನ ಒಂದು ಪಾಲನ್ನು ಲೋಟದಲ್ಲೇ ಹಿಡಿದುಬಿಡುವುದರಿಂದ ಕರೆ ಕಡಿಮೆ. ಹೀಗಾಗಿ ಹಾಲು ಹೆಚ್ಚಿರುವ ನಮ್ಮ ಕಡೆಯ ಕಾಫಿ, ಚಹಾಗಳಿಗಿಂತ ಬ್ಲಾಕ್ ಟೀ ಕುಡಿಯುವವರ ಹಲ್ಲಿಗೆ ಬಣ್ಣ ಬೇಗ ಹತ್ತುತ್ತದೆ.

ಕರ್ನಾಟಕದಲ್ಲಿ ಹಲ್ಲಿನ ಕರೆಯ ಮಾತೆತ್ತಿದರೆ ಅಡಿಕೆಯನ್ನು ಬಿಡುವಂತಿಲ್ಲ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡುವವರು ಸುಲಿದ ಹಸಿ ಅಡಿಕೆಯನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. ಚೊಗರೆಂದರೆ ಅಡಿಕೆ ಬೆಂದಾಗ ಇಳಿದ ಟ್ಯಾನಿನ್ ತುಂಬಿದ ಕೆಂಗಂದು ರಸ. ಅಡಿಕೆಗೆ ಬಣ್ಣ, ಹೊಳಪು ಕೊಡುವುದು ಅದೇ. ಬಟ್ಟೆಗೂ ಅದರಿಂದ ಬಣ್ಣ ಹಾಕುತ್ತಾರೆ. ಎಲೆಅಡಿಕೆ ಮೆಲ್ಲುವವರ ಬಾಯಲ್ಲಿ ನಡೆಯುವುದೂ ಇದೇ ಬಣ್ಣ ಹಾಕುವ ಕೆಲಸ. ಜೊತೆಗೆ ಸುಣ್ಣವೂ ಸೇರುತ್ತದೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫೀನಾಲುಗಳು ಬೇಗನೆ ಉತ್ಕರ್ಷಣಗೊಂಡು ಕೆಂಪಾಗುತ್ತವೆ. ಸುಣ್ಣ ಹಚ್ಚದ ವೀಳ್ಯ ಕೆಂಪೇರದಿರಲು ಕಾರಣ ಇದು. ಕಗ್ಗಲಿ ಮರದ ತಿರುಳಿನಿಂದ ತೆಗೆದ ಕಾಚು ಬೆರೆತರೆ ಬಣ್ಣ ಇನ್ನೂ ಗಾಢ. ಮೊದಲು ಕೆಂಪಾಗಿದ್ದ ಕರೆ ವರ್ಷಗಳು ಕಳೆದಂತೆ ಕಂದಾಗಿ, ಕೊನೆಗೆ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಗಟ್ಟಿ ಅಡಿಕೆಯನ್ನು ಅಗಿದು ಅಗಿದು ಎನಾಮೆಲ್ ತೇಯ್ದ ಕಡೆ ಬಯಲಾದ ಡೆಂಟಿನ್ನೂ ಬಣ್ಣ ಕುಡಿಯುತ್ತದೆ. ಆಗ ಅದು ಬರಿಯ ಹೊರಗಿನ ಕರೆಯಾಗಿ ಉಳಿಯುವುದಿಲ್ಲ. ಅಡಿಕೆಯ ವಿಷಯದಲ್ಲಿ ಬಣ್ಣ ನಿಜಕ್ಕೂ ಚಿಕ್ಕ ತೊಂದರೆ. ಬಾಯಿ ತೆರೆಯಲಾಗದಂತೆ ಒಳಗೆನ್ನೆ ಬಿಗಿಯುವ ನಾರುಗಟ್ಟುವ ರೋಗವೂ, ಬಾಯಿ ಕ್ಯಾನ್ಸರೂ ದೊಡ್ಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ, ಸಿಗರೇಟುಗಳ ಕರೆ ಒಂದೊಂದೂ ಒಂದೊಂದು ಕಡೆ ಕೂರುತ್ತದೆ. ಸೇದುವವರಲ್ಲಿ ಅದು ಹಲ್ಲಿನ ಹಿಂಬದಿಯಲ್ಲೂ ಒಸಡಿನ ಅಂಚಿನಲ್ಲೂ ದಟ್ಟ. ಅಗಿಯುವವರಲ್ಲಿ ಸೊಪ್ಪನ್ನು ಒತ್ತಿಟ್ಟುಕೊಳ್ಳುವ ಕೆನ್ನೆಯ ಕಡೆಗೆ ದಟ್ಟ. ಹಳದಿ ಕಂದು ಬಣ್ಣಕ್ಕೆ ಮುಖ್ಯ ಹೊಣೆ ಹೊಗೆಯ ಟಾರ್. ನಿಕೋಟಿನ್‌ಗೆ ತನ್ನದೇ ಬಣ್ಣವಿಲ್ಲ, ಗಾಳಿ ತಾಗಿದ ಮೇಲೆ ಅದು ಹಳದಿಯಾಗುತ್ತದೆ. ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಹುರಿದ ಹೊಗೆಸೊಪ್ಪಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವವರು ಇಂದಿಗೂ ಇದ್ದಾರೆ. ಶುಚಿಗೆಂದು ಬಳಸುವ ವಸ್ತುವೇ ಕರೆಗೂ ಚಟಕ್ಕೂ ಕಾರಣವಾಗುವ ವಿಚಿತ್ರ ಪ್ರಕರಣ ಅದು.

ಔಷಧಗಳಿಂದಲೂ ಕರೆ ಬರುತ್ತದೆ. ಒಸಡಿನ ಚಿಕಿತ್ಸೆಯ ನಂತರ ಬಾಯಿ ಮುಕ್ಕಳಿಸಲು ಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಒಂದೆರಡು ವಾರಕ್ಕಿಂತ ಹೆಚ್ಚು ಬಳಸಿದರೆ ಹಲ್ಲಿಗೂ ನಾಲಗೆಗೂ ಕಂದು ಬಣ್ಣ ಹತ್ತುತ್ತದೆ. ಚಹಾ ಕಾಫಿ ಕುಡಿಯುವವರಲ್ಲಿ ಇದು ಹೆಚ್ಚು. ವೈದ್ಯರು ಹೇಳಿದ ಅವಧಿ ಮುಗಿದರೂ ಬಾಟಲಿ ಮುಗಿಯಲಿಲ್ಲವೆಂದು ಮುಂದುವರಿಸುವವರೇ ಇದಕ್ಕೆ ಸಿಕ್ಕಿಬೀಳುವುದು. ರಕ್ತಹೀನತೆಗೆ ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಸಿರಪ್ಪು ಹಲ್ಲನ್ನು ಕಪ್ಪಾಗಿಸುತ್ತದೆ. ಅದಕ್ಕೆ ಹೆದರಿ ಔಷಧ ನಿಲ್ಲಿಸುವ ತಾಯಂದಿರೂ ಇದ್ದಾರೆ. ಆದರೆ ಈ ಕಪ್ಪು ಮೇಲಿನದು, ದಂತವೈದ್ಯರು ಉಜ್ಜಿ ತೆಗೆಯಬಲ್ಲರು. ಸಿರಪ್ಪನ್ನು ನಾಲಗೆಯ ಹಿಂಭಾಗಕ್ಕೆ ಹಾಕಿ ಮೇಲೆ ನೀರು ಕುಡಿಸಿದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಅಚ್ಚಗಪ್ಪು ಬರುತ್ತದೆ. ಹಳೆಯ ಕಾಲದ ಶಾಯಿಯ ಗುಟ್ಟೂ ಅದೇ. ಜಪಾನಿನ ಹೆಂಗಸರು ಶತಮಾನಗಳ ಕಾಲ ಇದೇ ರಸಾಯನದಿಂದ ತಮ್ಮ ಹಲ್ಲನ್ನು ಬೇಕೆಂದೇ ಕಪ್ಪಾಗಿಸಿಕೊಂಡರು. ಒಹಗುರೊ ಎಂಬ ಆ ಪದ್ಧತಿಯಲ್ಲಿ ಕಬ್ಬಿಣವನ್ನು ಹುಳಿದ್ರವದಲ್ಲಿ ಕರಗಿಸಿ, ಟ್ಯಾನಿನ್ ತುಂಬಿದ ಗಂಟುಕಾಯಿಯ ಪುಡಿಯೊಂದಿಗೆ ಹಲ್ಲಿಗೆ ಬಳಿಯುತ್ತಿದ್ದರು. ಅಲ್ಲಿ ಕಪ್ಪು ಹಲ್ಲು ಮದುವೆಯಾದವಳ ಗುರುತು, ಚೆಲುವಿನ ಗುರುತು. 1870ರಲ್ಲಿ ಸರ್ಕಾರ ಶ್ರೀಮಂತ ಮನೆತನಗಳಿಗೆ ಅದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿ ಬಿಳಿ ಹಲ್ಲಿನಲ್ಲೇ ಜನರೆದುರು ಕಾಣಿಸಿಕೊಂಡ ಮೇಲೆ ಪದ್ಧತಿ ಇಳಿಮುಖವಾಯಿತು. ಭಾರತದಲ್ಲೂ ಮಿಸ್ಸಿ ಎಂಬ ಪುಡಿಯಿಂದ ಹಲ್ಲು, ಒಸಡುಗಳಿಗೆ ಕಪ್ಪು ಹಚ್ಚುವ ಅಲಂಕಾರವಿತ್ತು. ಆದರೆ ನಮ್ಮ ಶಾಸ್ತ್ರಗ್ರಂಥಗಳ ದನಿ ಬೇರೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಹಲ್ಲಿನ ರೋಗಗಳಲ್ಲಿ ಶ್ಯಾವದಂತಕವನ್ನು ಹೆಸರಿಸಿ, ರಕ್ತದೊಡನೆ ಕೆರಳಿದ ಪಿತ್ತವನ್ನು ಅದಕ್ಕೆ ಕಾರಣವಾಗಿ ಹೇಳುತ್ತದೆ. ಮನುಸ್ಮೃತಿಯೋ ಹೆಂಡ ಕುಡಿದವನು ಮರುಜನ್ಮದಲ್ಲಿ ಕಪ್ಪು ಹಲ್ಲಿನವನಾಗುತ್ತಾನೆ ಎನ್ನುತ್ತದೆ. ವೈದ್ಯನು ರೋಗ ಕಂಡ ಕಡೆಯಲ್ಲೇ ಸ್ಮೃತಿಕಾರನಿಗೆ ಪಾಪ ಕಂಡಿತು. ಹಲ್ಲಿನ ಬಣ್ಣದಿಂದ ನಡತೆಯನ್ನು ಅಳೆಯುವ ಚಾಳಿ ಇಂದು ನಿನ್ನೆಯದಲ್ಲ.

ಮಕ್ಕಳಲ್ಲಿ ಕೆಲವೊಮ್ಮೆ ಒಸಡಿನ ಅಂಚಿಗೆ ಒತ್ತಿ ಎಳೆದಂತೆ ತೆಳುವಾದ ಕಪ್ಪು ಗೆರೆ ಕಾಣುತ್ತದೆ. ಇದು ಕೆಲವು ಬಗೆಯ ಬ್ಯಾಕ್ಟೀರಿಯಗಳ ಕೆಲಸ. ಅವು ಉಂಟುಮಾಡುವ ಗಂಧಕದ ಸಂಯುಕ್ತ ಜೊಲ್ಲಿನ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ತೆಗೆದರೂ ಮತ್ತೆ ಬರುತ್ತದೆ. ಚೆನ್ನಾಗಿ ಹಲ್ಲುಜ್ಜುವ ಮಕ್ಕಳಲ್ಲೂ ಇದು ಬರುವುದುಂಟು, ಮತ್ತು ಇದಿರುವ ಮಕ್ಕಳಲ್ಲಿ ಹುಳುಕು ಹಲ್ಲು ಸಾಮಾನ್ಯವಾಗಿ ಕಡಿಮೆ. ಹಸಿರು, ಕಿತ್ತಳೆ ಬಣ್ಣದ ಕರೆಗಳು ಮಾತ್ರ ನಿಜವಾಗಿಯೂ ಶುಚಿಯಿಲ್ಲದ ಬಾಯಿಯ ಕುರುಹು.

ನೀರಿನಿಂದ ಬಂದ ಕಂದು

ಹಲ್ಲು ರೂಪುಗೊಳ್ಳುವಾಗಲೇ ಒಳಸೇರುವ ಬಣ್ಣಗೇಡುಗಳಲ್ಲಿ ಕರ್ನಾಟಕಕ್ಕೆ ಅತಿ ಮುಖ್ಯವಾದದ್ದು ಫ್ಲೋರೋಸಿಸ್. ಇದರ ಕಾರಣ ಪತ್ತೆಯಾದ ಕಥೆ ಅಮೆರಿಕದ್ದು. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡ. ಊರಿನವರಿಗೆ ಅದು ಮಾಮೂಲಿ ಸಂಗತಿ. 1909ರಲ್ಲಿ ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲಾಕ್ ಅವನ ಜೊತೆಗೂಡಿದ. ಇಬ್ಬರೂ ಎರಡು ವಿಷಯ ಗಮನಿಸಿದರು. ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಬರುತ್ತಿರಲಿಲ್ಲ, ಮತ್ತು ಕಲೆ ಇರುವ ಹಲ್ಲುಗಳು ಹುಳುಕಾಗುವುದು ಕಡಿಮೆ. ನೀರಿನ ಮೇಲೆ ಅನುಮಾನವಿದ್ದರೂ ಆಗಿನ ಪರೀಕ್ಷೆಗಳಿಂದ ಏನೂ ತಿಳಿಯಲಿಲ್ಲ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿಯಲ್ಲಿ, ಬಿಸಿನೀರಿನ ಬುಗ್ಗೆಯಿಂದ ಹೊಸ ಕೊಳವೆ ಹಾಕಿದ ಮೇಲೆ ಮಕ್ಕಳ ಹಲ್ಲು ಕೆಟ್ಟವೆಂದು ತಾಯ್ತಂದೆಯರು ದೂರಿದರು. ಮೆಕೇ ಆ ಕೊಳವೆಯನ್ನೇ ಬಿಡಿಸಿದ. ಆಮೇಲೆ ಮೂಡಿದ ಹಲ್ಲುಗಳು ಸರಿಯಾಗಿ ಬಂದವು. ನೀರಿನಲ್ಲಿರುವುದು ಏನೆಂದು ಗೊತ್ತಾದದ್ದು 1931ರಲ್ಲಿ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನ ಮಕ್ಕಳಿಗೂ ಇದೇ ಕಲೆ ಬಂದಿತ್ತು. ಆ ಊರು ಅಲ್ಯೂಮಿನಿಯಂ ಕಂಪನಿ ಆಲ್ಕೋವಾದ್ದು. ಅಲ್ಯೂಮಿನಿಯಂ ಪಾತ್ರೆ ವಿಷವೆಂಬ ಪ್ರಚಾರ ನಡೆಯುತ್ತಿದ್ದ ಕಾಲ, ತಪ್ಪು ತಮ್ಮ ಲೋಹದ ಮೇಲೆ ಬಂದೀತೆಂಬ ಆತಂಕದಲ್ಲಿ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ನೀರನ್ನು ಹೊಸ ವಿಧಾನದಿಂದ ಪರೀಕ್ಷಿಸಿದ. ಸಿಕ್ಕಿದ್ದು ಅಲ್ಯೂಮಿನಿಯಂ ಅಲ್ಲ, ಫ್ಲೋರೈಡ್. ನಂತರ ಟ್ರೆಂಡ್ಲಿ ಡೀನ್ ಕಲೆಯ ತೀವ್ರತೆಯನ್ನು ಅಳೆಯುವ ಸೂಚ್ಯಂಕ ರೂಪಿಸಿ, ಲೀಟರಿಗೆ ಸುಮಾರು 1 ಮಿಲಿಗ್ರಾಮ್‌ವರೆಗಿನ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ, ಎದ್ದು ಕಾಣುವ ಕಲೆ ತರುವುದಿಲ್ಲವೆಂದು ತೋರಿಸಿದ.

ಭಾರತದಲ್ಲಿ ಈ ರೋಗವನ್ನು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಕರ್ನಾಟಕದಲ್ಲಿ ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಗಳ ಹೆಸರು ಇದರೊಂದಿಗೆ ಅಂಟಿಕೊಂಡಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಬಯಲಿನ ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಮಕ್ಕಳನ್ನು ನಗಿಸಿದರೆ ಸಾಕು, ಊರಿನ ನೀರಿನ ಗುಣ ತಿಳಿಯುತ್ತದೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಅಭ್ರಕದಂಥ ಫ್ಲೋರಿನ್ ಹೊತ್ತ ಖನಿಜಗಳಿವೆ. ಮಳೆ ಕಡಿಮೆಯಾದ ಒಣನಾಡಿನಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಲ್ಲುತ್ತದೆ. ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಾಗ ಫ್ಲೋರೈಡ್ ಹೆಚ್ಚು ಕರಗುತ್ತದೆ. ಕೆರೆ, ತೆರೆದ ಬಾವಿಗಳ ಮೇಲುನೀರನ್ನು ಕುಡಿಯುತ್ತಿದ್ದ ಊರುಗಳು ಬೋರ್‌ವೆಲ್‌ಗೆ ಬದಲಾದಂತೆ, ಬೋರ್‌ವೆಲ್‌ಗಳು ಇನ್ನೂ ಆಳಕ್ಕೆ ಇಳಿದಂತೆ, ಈ ತೊಂದರೆ ಬೆಳೆಯಿತು. ಬರಕ್ಕೆ ಪರಿಹಾರವೆಂದು ಕೊರೆದ ಕೊಳವೆಯೇ ಹೀಗೆ ಮಕ್ಕಳ ಹಲ್ಲಿಗೆ ಮುಳುವಾದದ್ದು ಅಂದಿನ ಯೋಜನೆಗಳಲ್ಲಿ ಯಾರೂ ಲೆಕ್ಕ ಹಾಕಿರದ ಬೆಲೆ.

ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಮ್. ಭಾರತೀಯ ಮಾನಕದಲ್ಲಿ ಒಪ್ಪತಕ್ಕ ಮಟ್ಟ 1 ಮಿಲಿಗ್ರಾಮ್, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಅದಕ್ಕಿಂತ ಹೆಚ್ಚಾದಾಗ ಹಲ್ಲಿನಲ್ಲಿ ಆಗುವುದು ಇಷ್ಟು: ಎನಾಮೆಲ್ ಬಲಿಯುವ ಹಂತದಲ್ಲಿ ಅದರೊಳಗಿನ ಪ್ರೋಟೀನು ಪೂರ್ತಿ ಹೊರಹೋಗಿ ಆ ಜಾಗವನ್ನು ಖನಿಜ ತುಂಬಬೇಕು. ಹೆಚ್ಚಿನ ಫ್ಲೋರೈಡ್ ಇದಕ್ಕೆ ಅಡ್ಡಿಯಾಗಿ ಮೇಲ್ಮೈಯ ಅಡಿಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅಂಥ ಹಲ್ಲು ಮೂಡುವಾಗ ಕಂದಾಗಿರುವುದಿಲ್ಲ. ಸೀಮೆಸುಣ್ಣದ ಬಿಳುಪಿನ ಗೆರೆ, ಮಚ್ಚೆಗಳೊಂದಿಗೆ ಮೂಡುತ್ತದೆ. ಆ ರಂಧ್ರಗಳು ಆಹಾರದ ಬಣ್ಣವನ್ನು ವರ್ಷಗಟ್ಟಲೆ ಹೀರಿಕೊಂಡ ಮೇಲೆ ಹಳದಿ, ಕಂದು ಕಾಣಿಸುತ್ತದೆ. ತೀವ್ರವಾದಾಗ ಎನಾಮೆಲ್ ಚೂರುಚೂರಾಗಿ ಉದುರಿ ಕುಳಿ ಬೀಳುತ್ತದೆ. ಅಪಾಯದ ಕಾಲ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಮುಂದಿನ ಬಾಚಿಹಲ್ಲುಗಳ ಮಟ್ಟಿಗೆ ಮೊದಲ ಮೂರ್ನಾಲ್ಕು ವರ್ಷ. ಆಮೇಲೆ ಎಷ್ಟೇ ಫ್ಲೋರೈಡ್ ಸೇವಿಸಿದರೂ ಹಲ್ಲಿಗೆ ಹೊಸ ಕಲೆ ಬರುವುದಿಲ್ಲ, ಮೂಳೆಗೆ ಮಾತ್ರ ಅಪಾಯ ಉಳಿದೇ ಇರುತ್ತದೆ. ಕಲೆಗಳು ಎಡಬಲ ಒಂದೇ ರೀತಿ ಇರುವುದು, ಅಡ್ಡಗೆರೆಗಳಾಗಿ ಹರಡಿರುವುದು, ಒಂದೇ ಓಣಿಯ ಮಕ್ಕಳಲ್ಲೆಲ್ಲ ಕಾಣುವುದು ಇದರ ಲಕ್ಷಣ. ಇಂಥ ಹಲ್ಲಿನ ಮಕ್ಕಳಿಗೆ ಶಾಲೆಯಲ್ಲಿ ಹಲ್ಲುಜ್ಜಿಲ್ಲವೆಂಬ ಬೈಗುಳ, ಮುಂದೆ ಹೆಣ್ಣು ಗಂಡು ನೋಡುವಾಗ ಮುಜುಗರ ಕಾದಿರುತ್ತದೆ. ತಪ್ಪು ಅವರದಲ್ಲ, ಅವರ ಬ್ರಷ್ಷಿನದೂ ಅಲ್ಲ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ಗಸಿಯೊಡನೆ ತಳಕ್ಕೆ ಇಳಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಈಗ ಹೆಚ್ಚು ಕಾಣುವುದು ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು. ಅಲ್ಲಿಂದ ಕುಡಿಯಲಷ್ಟೇ ನೀರು ತಂದು ಅಡುಗೆಗೆ ಬೋರ್‌ವೆಲ್ ನೀರನ್ನೇ ಬಳಸಿದರೆ ಲಾಭ ಅರ್ಧ. ಅನ್ನ, ಸಾರು, ಮುದ್ದೆಯ ಮೂಲಕವೂ ಫ್ಲೋರೈಡ್ ಒಳಹೋಗುತ್ತದೆ.

ಇತರ ಒಳಗಿನ ಕಾರಣಗಳು

ಟೆಟ್ರಾಸೈಕ್ಲಿನ್ ಗುಂಪಿನ ಪ್ರತಿಜೈವಿಕಗಳು ಕ್ಯಾಲ್ಸಿಯಮ್ಮಿಗೆ ಅಂಟುತ್ತವೆ. ಆದ್ದರಿಂದ ಬೆಳೆಯುವ ಹಲ್ಲಿನಲ್ಲಿ ಶಾಶ್ವತವಾಗಿ ಸೇರಿಹೋಗುತ್ತವೆ. ಈ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ 1948ರಲ್ಲಿ ಬೆಳಕಿಗೆ ಬಂತು. ಅದನ್ನು ಕಂಡುಹಿಡಿದವನು ಬೆಂಜಮಿನ್ ಡುಗ್ಗರ್. ಆಗ ಲೆಡರ್ಲೆ ಸಂಸ್ಥೆಯ ಸಂಶೋಧನೆಯ ಹೊಣೆ ಹೊತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಸಂಖ್ಯ ಜೀವಗಳನ್ನು ಉಳಿಸಿದ ಈ ಔಷಧ ಮಕ್ಕಳ ಹಲ್ಲಿನ ಬಣ್ಣ ಕೆಡಿಸುತ್ತದೆಂದು 1956ರಿಂದ ವರದಿಗಳು ಬರತೊಡಗಿದವು. ಹೊಸದಾಗಿ ಮೂಡಿದಾಗ ಹಲ್ಲು ಹಳದಿ. ನೇರಳಾತೀತ ಬೆಳಕಿನಲ್ಲಿ ನೋಡಿದರೆ ಹಳದಿಯಾಗಿ ಮಿನುಗುತ್ತದೆ. ಬಿಸಿಲಿಗೆ ಒಡ್ಡಿದ ಮುಂದಿನ ಹಲ್ಲುಗಳು ಕ್ರಮೇಣ ಕಂದು ಬೂದಾಗುತ್ತವೆ, ಹಿಂದಿನ ದವಡೆ ಹಲ್ಲುಗಳು ಹಳದಿಯಾಗಿಯೇ ಉಳಿಯುತ್ತವೆ. ಔಷಧ ತೆಗೆದುಕೊಂಡ ಕಾಲಕ್ಕೆ ಹಲ್ಲಿನ ಯಾವ ಭಾಗ ಕಟ್ಟುತ್ತಿತ್ತೋ ಅಲ್ಲಿ ಪಟ್ಟಿ ಮೂಡುತ್ತದೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ತಪ್ಪಿಸುವ ನಿಯಮ ಹುಟ್ಟಿದ್ದು ಹೀಗೆ. ಇದೇ ಗುಂಪಿನ ಡಾಕ್ಸಿಸೈಕ್ಲಿನ್ ಕ್ಯಾಲ್ಸಿಯಮ್ಮಿಗೆ ಅಷ್ಟು ಬಲವಾಗಿ ಅಂಟದು. ಅಲ್ಪಾವಧಿಗೆ ಕೊಟ್ಟರೆ ಕಲೆಯ ಭಯವಿಲ್ಲವೆಂಬ ಅಭಿಪ್ರಾಯಕ್ಕೆ ಈಗ ಮಾನ್ಯತೆ ಇದೆ. ಮೊಡವೆಗೆ ಕೊಡುವ ಮಿನೊಸೈಕ್ಲಿನ್ ಮಾತ್ರ ಪೂರ್ತಿ ಬೆಳೆದ ಹಲ್ಲಿಗೂ ನೀಲಿ ಬೂದು ಛಾಯೆ ತರಬಲ್ಲದು.

ನವಜಾತ ಶಿಶುವಿಗೆ ತೀವ್ರ ಕಾಮಾಲೆ ಬಂದಿದ್ದರೆ ಹಾಲುಹಲ್ಲು ಹಸಿರಾಗಿ ಮೂಡಬಹುದು. ಪಾರ್ಫಿರಿಯ ಎಂಬ ಅತ್ಯಪರೂಪದ ಆನುವಂಶಿಕ ರೋಗದ ಒಂದು ಬಗೆಯಲ್ಲಿ ಹಲ್ಲು ಕೆಂಗಂದು. ಎನಾಮೆಲ್ ಅಥವಾ ಡೆಂಟಿನ್ ಸರಿಯಾಗಿ ಕಟ್ಟದ ವಂಶವಾಹಿ ದೋಷಗಳಲ್ಲಿ ಎಲ್ಲ ಹಲ್ಲುಗಳೂ ಹಳದಿ ಕಂದು ಅಥವಾ ನೀಲಿ ಬೂದಾಗಿರುತ್ತವೆ, ಮನೆಯಲ್ಲಿ ಇನ್ನೂ ಯಾರಿಗಾದರೂ ಹಾಗೆಯೇ ಇರುತ್ತದೆ. ಮೊದಲ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳಲ್ಲಿ ಅಲ್ಲಲ್ಲಿ ಕೆನೆ, ಕಂದು ಬಣ್ಣದ ಮೆದು ತೇಪೆಗಳಿದ್ದರೆ ಅದು ಬೇರೆಯೇ ಖನಿಜ ಕೊರತೆ. 2001ರಲ್ಲಿ ಅದಕ್ಕೆ ಪ್ರತ್ಯೇಕ ಹೆಸರು ಬಂತು. ಫ್ಲೋರೋಸಿಸ್‌ಗಿಂತ ಭಿನ್ನವಾಗಿ ಇಲ್ಲಿ ಎಡಬಲ ಹೊಂದುವುದಿಲ್ಲ, ತೇಪೆಗೆ ಸ್ಪಷ್ಟ ಅಂಚಿರುತ್ತದೆ.

ಒಂದೇ ಒಂದು ಹಲ್ಲು ಬಣ್ಣ ಬದಲಿಸಿದರೆ ಕಾರಣ ನೀರೂ ಅಲ್ಲ, ಊಟವೂ ಅಲ್ಲ, ಆ ಹಲ್ಲಿನದೇ ಚರಿತ್ರೆ. ಮಗು ಆಡುವಾಗ ಬಿದ್ದು ಹಲ್ಲಿಗೆ ಪೆಟ್ಟಾದರೆ ಒಳಗಿನ ತಿರುಳಿನಲ್ಲಿ ರಕ್ತನಾಳ ಒಡೆದು ರಕ್ತ ಡೆಂಟಿನ್‌ನ ಸೂಕ್ಷ್ಮ ನಾಳಗಳಿಗೆ ನುಗ್ಗುತ್ತದೆ. ಹಲ್ಲು ಮೊದಲು ಗುಲಾಬಿ, ವಾರಗಳಲ್ಲಿ ಬೂದು. ಕೆಲವು ಹಾಲುಹಲ್ಲುಗಳು ಚೇತರಿಸಿಕೊಂಡು ತಿಳಿಯಾಗುತ್ತವೆ. ತಿರುಳು ಸತ್ತರೆ ಕಪ್ಪಾಗುತ್ತಲೇ ಹೋಗುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಅದರಡಿ ಕಟ್ಟುತ್ತಿರುವ ಶಾಶ್ವತ ಹಲ್ಲಿನ ಮೇಲೂ ಕಲೆ ಉಳಿಯುತ್ತದೆ. ಉದುರಿ ಹೋಗುವ ಹಲ್ಲಿಗೆ ಚಿಕಿತ್ಸೆ ಏಕೆ ಎನ್ನುವವರಿಗೆ ಇದು ಉತ್ತರ. ಪೆಟ್ಟು ಬಿದ್ದು ಬಹಳ ಕಾಲದ ಮೇಲೆ ಹಲ್ಲು ಗುಲಾಬಿಯಾದರೆ ಅದು ಒಳಗಿನಿಂದಲೇ ಕರಗುತ್ತಿರುವ ಸೂಚನೆ, ತಡಮಾಡದೆ ತೋರಿಸಬೇಕು. ರೂಟ್ ಕೆನಾಲ್ ಮಾಡಿಸಿದ ಹಲ್ಲು ತಿರುಳಿನ ಚೂರುಗಳು ಉಳಿದಿದ್ದರೆ ಅಥವಾ ತುಂಬಿದ ವಸ್ತುವಿನಿಂದಾಗಿ ಕಪ್ಪಾಗುತ್ತದೆ. ಬೆಳ್ಳಿ ಪಾದರಸದ ಹಳೆಯ ಅಮಾಲ್ಗಮ್ ಫಿಲ್ಲಿಂಗು ಬೂದು ನೆರಳು ಬಿಡುತ್ತದೆ.

ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ, ಮಂಕು ಬಿಳಿ ಮಚ್ಚೆಯಾಗಿ. ಆ ಹಂತದಲ್ಲಿ ಅದನ್ನು ಹಿಂದಿರುಗಿಸಬಹುದು, ಆದರೆ ಯಾರೂ ಗಮನಿಸುವುದಿಲ್ಲ. ಗಟ್ಟಿಯಾದ, ಹೊಳೆಯುವ ಕಡುಗಪ್ಪು ಮಚ್ಚೆ ಎಷ್ಟೋ ಸಲ ನಿಂತುಹೋದ ಹುಳುಕು. ಮಕ್ಕಳ ಹುಳುಕನ್ನು ಕೊರೆಯದೆ ನಿಲ್ಲಿಸಲು ಹಚ್ಚುವ ಸಿಲ್ವರ್ ಡೈಅಮೀನ್ ಫ್ಲೋರೈಡನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದು ಹುಳುಕಿದ ಜಾಗವನ್ನು ಕಾಯಂ ಕಪ್ಪಾಗಿಸುತ್ತದೆ. ಅಲ್ಲಿ ಕಪ್ಪೇ ಗುಣವಾದ ಗುರುತು.

ತೆಗೆಯುವ ಬಗೆ

ಮೇಲಿನ ಕರೆ ಕ್ಲೀನಿಂಗ್‌ನಿಂದ ಹೋಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ, ಸಂದು ಬೀಳುತ್ತದೆ ಎಂಬ ನಂಬಿಕೆ ವ್ಯಾಪಕ. ಸಂದು ಮೊದಲೇ ಇತ್ತು, ಗಟ್ಟಿಗಟ್ಟಿದ ಪಾಚಿ ಅದನ್ನು ಮುಚ್ಚಿತ್ತು. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ನಿಂಬೆರಸಗಳು ಒಂದೆರಡು ವಾರ ಹೊಳಪು ಕೊಟ್ಟು ಎನಾಮೆಲ್ ಸವೆಸುತ್ತವೆ. ಇದ್ದಿಲು ಈಗ ದುಬಾರಿ ಟೂತ್‌ಪೇಸ್ಟಾಗಿ ಮರಳಿ ಬಂದಿದೆ, ಗುಣ ಮಾತ್ರ ಹಳೆಯದೇ.

ಒಳಗಿನ ಬಣ್ಣಕ್ಕೆ ಬ್ಲೀಚಿಂಗ್ ಇದೆ. ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಅದನ್ನು ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡ್ ಎನಾಮೆಲ್ ದಾಟಿ ಒಳಗಿನ ಬಣ್ಣದ ಅಣುಗಳನ್ನು ಒಡೆಯುತ್ತದೆ. ವಯಸ್ಸಿನ ಹಳದಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಟೆಟ್ರಾಸೈಕ್ಲಿನ್‌ನ ಬೂದು ಪಟ್ಟಿಗೆ ತಿಂಗಳುಗಟ್ಟಲೆ ಬೇಕು. ಕೆಲದಿನ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಸತ್ತ ಹಲ್ಲನ್ನು ರೂಟ್ ಕೆನಾಲ್ ಆದ ಮೇಲೆ ಒಳಗಿನಿಂದಲೇ ಬ್ಲೀಚ್ ಮಾಡುತ್ತಾರೆ. ಫ್ಲೋರೋಸಿಸ್‌ನ ಹಗುರವಾದ ಕಂದು ಕಲೆಯನ್ನು ಆಮ್ಲ ಮತ್ತು ನುಣ್ಣನೆಯ ಪುಡಿಯಿಂದ ಎನಾಮೆಲ್‌ನ ಅತಿ ತೆಳುವಾದ ಪದರ ತೇಯ್ದು ತೆಗೆಯಬಹುದು. ಬಿಳಿ ಮಚ್ಚೆಗಳಿಗೆ ರಂಧ್ರ ತುಂಬುವ ರಾಳ ಬಂದಿದೆ. ಕುಳಿ ಬಿದ್ದ ಹಲ್ಲಿಗೆ ಕಾಂಪೊಸಿಟ್ ಅಥವಾ ವೆನೀರ್ ಹೊದಿಸದೆ ಗತಿಯಿಲ್ಲ. ಕ್ಯಾಪು, ಫಿಲ್ಲಿಂಗುಗಳಿಗೆ ಬ್ಲೀಚ್ ಹತ್ತುವುದಿಲ್ಲ. ಆದ್ದರಿಂದ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸುವವರು ಬ್ಲೀಚಿಂಗ್ ಬೇಕಿದ್ದರೆ ಅದನ್ನು ಮೊದಲು ಮುಗಿಸಿ, ಬಣ್ಣ ನಿಲ್ಲಲು ಒಂದೆರಡು ವಾರ ಬಿಟ್ಟು, ಆಮೇಲೆ ಕ್ಯಾಪಿನ ಛಾಯೆ ಆರಿಸಬೇಕು.